ಸಿಡಿಲಿಗಿಂತ ಮೊದಲು

ಅಲಖನೂರ
೧೨ ಜನವರಿ ೨೦೨೫

ಪ್ರೀತಿಯ ಗಂಗಾ,

ವೈನಿಯಿಂದ ಪತ್ರ ಬಂತೆಂದು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೆ. ಫೋನು ಮಾವನವರ ಅಂಗಿಯ ಕಿಸೆಯಲ್ಲಿರುತ್ತದೆ, ಅದರಲ್ಲಿ ಮಾತಾಡಿದರೆ ಓಣಿಗೆಲ್ಲ ಕೇಳುತ್ತದೆ. ನಾನು ಕೇಳಬೇಕಾದದ್ದು ಓಣಿಗೆ ಕೇಳುವಂಥದ್ದಲ್ಲ. ಪೋಸ್ಟಿನ ಪೂನಮ ನಿನ್ನ ಜೊತೆ ಓದಿದವಳಲ್ಲವೇ, ನಿನ್ನ ಉತ್ತರ ಬಂದರೆ ನನ್ನ ಕೈಗೇ ಕೊಡುತ್ತೇನೆ ಎಂದಿದ್ದಾಳೆ. ಮಾತಾಡುವ ಹಾಗೆಯೇ ಬರೆಯಲು ಹೋದೆ, ಆಗಲಿಲ್ಲ. ಪೆನ್ನು ಹಿಡಿದರೆ ಚಿಂಚಲಿ ಶಾಲೆಯ ಕನ್ನಡವೇ ಬರುತ್ತದೆ. ನಗಬೇಡ.

ಹೋದ ಬೇಸಿಗೆಯಲ್ಲಿ ನಿಮ್ಮಣ್ಣ ನನ್ನನ್ನು ಬಿಟ್ಟು ತೀರಿಹೋದಾಗ ನೀನು ಬಂದಿದ್ದೆ. ಮನೆ ತುಂಬ ಜನ. ಆ ದಿನ ಏನಾಯಿತೆಂದು ನಾನು ನಿನಗೆ ಹೇಳಲಿಲ್ಲ, ನೀನೂ ಕೇಳಲಿಲ್ಲ. ಈಗ ಹೇಳುತ್ತೇನೆ.

ನಮ್ಮ ಕುರಿಯ ಹಿಂಡು ಬೇಡಕಿಹಾಳದ ಕಡೆ ಇತ್ತು. ಹೊತ್ತು ಇಳಿಯುವಾಗ ಪಡುವಣದಲ್ಲಿ ಮೋಡ ಎದ್ದಿತು. ಕುರಿಗಳನ್ನೆಲ್ಲ ಬದುವಿನ ಬೇವಿನ ಮರದ ಕೆಳಗೆ ಕೂಡಿಸಿ ನಿಮ್ಮಣ್ಣ ಬೊಡ್ಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಒಂದು ಮರಿ ತಪ್ಪಿಸಿಕೊಂಡು ಒಣ ಕಾಲುವೆಗೆ ಬಿದ್ದು ಒದರುತ್ತಿತ್ತು. "ನೀ ನಿಲ್ಲು, ನಾ ತರತೀನಿ" ಅಂದರು. ಅವರ ಕಾಲಿಗೆ ಮುಳ್ಳು ನಟ್ಟಿತ್ತು. "ನೀವ ಇರ್ರಿ" ಎಂದು ನಾನೇ ಹೋದೆ. ಕಾಲುವೆಯಲ್ಲಿ ಬಗ್ಗಿ ಮರಿಯನ್ನು ಎತ್ತುವಾಗ ಎಲ್ಲ ಬೆಳ್ಳಗಾಯಿತು. ಸದ್ದು ಕೇಳಿದ ನೆನಪಿಲ್ಲ. ಎದ್ದು ನೋಡಿದರೆ ಮರ ಸೀಳಿತ್ತು. ಮುಂದಿನದನ್ನು ಬರೆಯುವುದಿಲ್ಲ.

ಅಂದಿನಿಂದ ಓಣಿಯಲ್ಲಿ ಒಂದೇ ಮಾತು. "ಸಿಡ್ಲ ಗಂಡನ್ನ ಒಯ್ದು ಹೇಂತೀನ್ನ ಬಿಟ್ಟೈತಂದ್ರ ಏನೋ ಐತಿ." ನಿನ್ನ ದೊಡ್ಡಪ್ಪನ ಮಗ ಕಾಮಣ್ಣ ಭಾವ ಈಗ ಹಿಂಡಿನ ಮುಂದಾಳು. ಯುಗಾದಿಯ ನಂತರ ಎಲ್ಲರ ಕುರಿಗಳೂ ಒಟ್ಟಿಗೆ ಹೊರಡುತ್ತವೆ. ಅವರು ಮಾವನ ಮುಂದೆಯೇ ಹೇಳಿದರು: "ಕಾಕಾ, ಕುರಿ ಕಳಸ್ರಿ, ನಾ ಮೇಸತೀನಿ. ಆಕೀ ಮಾತ್ರ ಬ್ಯಾಡ. ಆಕೀ ಇದ್ದಲ್ಲಿ ಮತ್ತ ಬೀಳತೈತಿ." ಮಾವ ನನ್ನ ಮುಖ ನೋಡದೆ ಎದ್ದು ಹೊರಗೆ ಹೋದರು.

ನಾನು ಕುರಿಯ ಹಿಂದೆ ಹುಟ್ಟಿ ಬೆಳೆದವಳು. ಒಲೆಯ ಮುಂದೆ ಕೂತು ಮುದುಕಿಯಾಗುವುದು ನನ್ನಿಂದ ಆಗದು. ಆದರೆ ಅದಕ್ಕಿಂತ ಮೊದಲು ನನಗೆ ಒಂದು ಗೊತ್ತಾಗಬೇಕು. ನೀನು ಪುಣೆಯಲ್ಲಿ ಮೋಡವನ್ನೇ ಓದುತ್ತಿದ್ದೀಯ. ಸಿಡಿಲು ನನ್ನಿಂದ ಬಂತೇ? ಹೌದಾದರೆ ಹೌದು ಅನ್ನು. ಸಮಾಧಾನದ ಮಾತು ಬೇಡ, ಅದು ಇಲ್ಲಿ ಬೇಕಾದಷ್ಟಿದೆ.

ನಿನ್ನ ವೈನಿ,
ತಾರವ್ವ


ಪುಣೆ
೨ ಫೆಬ್ರವರಿ ೨೦೨೫

ಪ್ರೀತಿಯ ವೈನಿ,

ಇಲ್ಲ. ನಿನ್ನಿಂದ ಬರಲಿಲ್ಲ.

ಈ ಒಂದು ಸಾಲನ್ನು ಅಂದೇ ಬರೆದು ಕಳಿಸಬಹುದಿತ್ತು. ಆದರೆ ಅದು ನಿನಗೆ ಸಮಾಧಾನದ ಮಾತಿನಂತೆಯೇ ಕೇಳುತ್ತದೆ. ಪೂರ್ತಿ ಹೇಳಬೇಕೆಂದು ಕೂತೆ. ಇಲ್ಲಿ ದಿನವೂ ಮೋಡದ ಬಗ್ಗೆ ಮಾತಾಡುತ್ತೇನೆ, ವೈನಿ. ಆ ಬೇವಿನ ಮರದ ಬಗ್ಗೆ ಇಲ್ಲಿ ಯಾರಿಗೂ ಹೇಳಿಲ್ಲ. ಅದಕ್ಕೇ ಕೈ ತಡವಾಯಿತು.

ಚಳಿಗಾಲದಲ್ಲಿ ಕತ್ತಲ ಕೋಣೆಯಲ್ಲಿ ಕಂಬಳಿ ಜಾಡಿಸಿದರೆ ಚಟಚಟ ಕಿಡಿ ಹಾರುತ್ತದಲ್ಲ? ಎರಡು ವಸ್ತು ತಾಗಿ ಬೇರೆಯಾದಾಗ ಒಂದರ ಚಾರ್ಜು ಇನ್ನೊಂದಕ್ಕೆ ಹೋಗಿರುತ್ತದೆ. ಮೋಡದಲ್ಲಿ ನಡೆಯುವುದೂ ಅದೇ ಜಾತಿಯ ಕೆಲಸ. ಅಲ್ಲಿ ಉಣ್ಣೆಯಿಲ್ಲ, ಹಿಮವಿದೆ.

ಬಿಸಿಲಿಗೆ ಕಾದ ನೆಲದ ಗಾಳಿ ಒದ್ದೆಯನ್ನು ಹೊತ್ತು ಮೇಲೇರುತ್ತದೆ. ಮೇಲೆ ಹೋದಂತೆ ಚಳಿ ಹೆಚ್ಚು. ಅಲ್ಲಿ ಎರಡು ಬಗೆಯ ಹಿಮ ಹುಟ್ಟುತ್ತದೆ. ಒಂದು ಸಕ್ಕರೆಯ ಹರಳಿಗಿಂತ ಸಣ್ಣ, ಹಗುರ. ಇನ್ನೊಂದು ಸಾಬುದಾಣಿಯಂಥ ಬಿಳಿ ಉಂಡೆ. ಅದು ಸುತ್ತಲಿನ ನೀರ ಹನಿಗಳನ್ನು ಮೈಮೇಲೆ ಹೆಪ್ಪುಗಟ್ಟಿಸಿಕೊಳ್ಳುತ್ತ ಭಾರವಾಗುತ್ತದೆ. ಗಾಳಿ ಹರಳುಗಳನ್ನು ಹೊತ್ತು ಏರುವಾಗ ಅವು ಈ ಉಂಡೆಗಳಿಗೆ ಬಡಿದು ಚಿಮ್ಮುತ್ತವೆ. ಬಡಿದ ಕ್ಷಣದಲ್ಲಿ ಚಾರ್ಜು ಹಂಚಿಹೋಗುತ್ತದೆ: ಹರಳಿಗೆ ಧನ, ಉಂಡೆಗೆ ಋಣ. ಆಮೇಲೆ ಗಾಳಿ ತೂರುತ್ತದೆ. ರಾಶಿಯ ಹೊತ್ತಿಗೆ ಅವ್ವ ಜೋಳ ತೂರುವಾಗ ಹೊಟ್ಟು ಹಾರಿ ದೂರ ಹೋಗಿ ಕಾಳು ಕಾಲಬುಡಕ್ಕೆ ಬೀಳುವುದಿಲ್ಲವೇ, ಹಾಗೆ. ಧನ ಹೊತ್ತ ಹರಳು ಮೋಡದ ತಲೆಗೆ, ಋಣ ಹೊತ್ತ ಉಂಡೆ ಮೋಡದ ಹೊಟ್ಟೆಗೆ. ಎಣಿಸಲಾರದಷ್ಟು ಸಲ ಹೀಗೆ ಬಡಿದು ಬಡಿದು ಎರಡೂ ಕಡೆ ತುಂಬಿ, ಗಾಳಿಗೆ ಇನ್ನು ತಡೆಯಲಾಗದು ಅನ್ನುವಾಗ ಮಿಂಚು. ಸಿಡಿಲಿಗಿಂತ ಮೊದಲೇ ಇಷ್ಟೆಲ್ಲ ನಡೆದುಹೋಗಿರುತ್ತದೆ. ಅದರಲ್ಲಿ ನಿನ್ನ ಕಾಲ್ಗುಣ ಹೋಗಿ ಸೇರಲು ಜಾಗವೇ ಇಲ್ಲ.

ಮೋಡದ ಹೊಟ್ಟೆಯ ಋಣ ನೆಲದ ಧನವನ್ನು ಎಳೆಯುತ್ತದೆ. ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರದ್ದು ಆ ಬೇವು. ಸಿಡಿಲು ಅದಕ್ಕೆ ಇಳಿಯಿತು. ಹಸಿ ಮರಕ್ಕಿಂತ ಮನುಷ್ಯನ ಮೈ ಅದಕ್ಕೆ ಸಲೀಸಾದ ಹಾದಿ. ಮಾಳೇಶಣ್ಣ ಬೊಡ್ಡೆಗೆ ಆತುಕೊಂಡಿದ್ದ. ನೀನು ತಗ್ಗಿನಲ್ಲಿದ್ದೆ, ಮರದಿಂದ ದೂರವಿದ್ದೆ. ಅಷ್ಟೇ ವ್ಯತ್ಯಾಸ. ಅವನು ಮರಿ ತರಲು ಹೋಗಿದ್ದರೆ ನೀನು ಇರುತ್ತಿರಲಿಲ್ಲ. ಇದು ಸಮಾಧಾನವಲ್ಲ, ಲೆಕ್ಕ.

ಬಡಿದಾಗ ಹರಳಿಗೆ ಧನವೇ ಯಾಕೆ, ಉಂಡೆಗೆ ಋಣವೇ ಯಾಕೆ? ಇದರ ಕೊನೆಯ ಮಾತನ್ನು ಇನ್ನೂ ಯಾರೂ ಹೇಳಿಲ್ಲ. ನನ್ನ ಕೆಲಸ ಅದೇ. ಕೊರೆಯುವ ಕೋಣೆಯಲ್ಲಿ ನಾವೇ ಮೋಡ ಮಾಡಿ, ಹಿಮ ಕಟ್ಟಿದ ಸರಳನ್ನು ಅದರಲ್ಲಿ ತಿರುಗಿಸಿ ಚಾರ್ಜು ಅಳೆಯುತ್ತೇನೆ. ಇವತ್ತು ಬಂದ ಉತ್ತರ ನಾಳೆ ಬರುವುದಿಲ್ಲ. ನಮ್ಮ ಮೇಡಂ, "ಈ ಬೇಸಿಗೆಯೊಳಗೆ ಆಗದಿದ್ದರೆ ಬೇರೆ ವಿಷಯ ತಗೋ" ಅಂದಿದ್ದಾರೆ.

ಏನು ಕೇಳಬೇಕೆನಿಸಿದರೂ ಕೇಳು.

ನಿನ್ನ
ಗಂಗಾ


ಅಲಖನೂರ
೯ ಮಾರ್ಚ್ ೨೦೨೫

ಪ್ರೀತಿಯ ಗಂಗಾ,

ನಿನ್ನ ಪತ್ರವನ್ನು ಓದಿ, ಅರ್ಥವಾಗದ ಕಡೆ ಮತ್ತೆ ಓದಿ, ಕೊನೆಗೆ ಅತ್ತೆಗೆ ಓದಿ ಹೇಳಿದೆ. ಹೇಳುವಾಗ ನನಗೇ ಅರ್ಥವಾಗುತ್ತ ಹೋಯಿತು. ನಿನ್ನಣ್ಣನ ಹೆಸರು ಬಂದ ಕಡೆ ಅತ್ತೆ ನನ್ನ ಕೈ ಹಿಡಿದರು. ಓದು ಮುಗಿಯುವವರೆಗೂ ಬಿಡಲಿಲ್ಲ.

ಒಂದು ಮಾತು ನನ್ನ ತಲೆಯಲ್ಲಿ ತಿರುಗುತ್ತಿದೆ. ಮಣ್ಣಿಗೆ ಬಂದವರೆಲ್ಲ ನನಗೆ "ಅಂವನ ಋಣಾ ತೀರಿತ್ತವಾ" ಎಂದು ಹೇಳಿ ಹೋದರು. ನಿನ್ನ ಪತ್ರದಲ್ಲಿ ಋಣ ಅನ್ನುವುದು ಹಿಮದ ಉಂಡೆಯ ಮೈಮೇಲೆ ಕೂರುವ ಚಾರ್ಜು. ಮೊದಲು ಸಿಟ್ಟು ಬಂತು. ಆಮೇಲೆ ಯಾಕೋ ಎದೆ ಹಗುರಾಯಿತು. ಯಾರ ಮೇಲೂ ಹಗೆಯಿಲ್ಲದ ಋಣ ಅದು.

ಹೋದ ಸೋಮವಾರ ಗುಡಿಯ ಕಟ್ಟೆಗೆ ಕುರಿಯ ಮಂದಿ ಸೇರಿತ್ತು, ಯಾವ ಹಾದಿ, ಯಾರು ಯಾರು ಎಂದು ನಿರ್ಧರಿಸಲು. ಯಾರೂ ಕರೆಯದಿದ್ದರೂ ನಾನು ಹೋದೆ. ಅತ್ತೆ ನನ್ನ ಹಿಂದೆಯೇ ಬಂದರು. ನಾನೂ ಹಿಂಡಿನ ಜೊತೆ ಬರುತ್ತೇನೆ, ಸಿಡಿಲು ಮನುಷ್ಯರ ಮುಖ ನೋಡಿ ಬೀಳುವುದಿಲ್ಲ ಎಂದು ಹೇಳಿ, ನೀನು ಬರೆದದ್ದನ್ನು ತಿಳಿದಷ್ಟು ಹೇಳಿದೆ. ಕಾಮಣ್ಣ ಭಾವ ತೊಡೆ ತಟ್ಟಿ ನಕ್ಕರು.

"ಉರಿ ಬ್ಯಾಸಗ್ಯಾಗ ಮ್ವಾಡದಾಗ ಬರ್ಫ? ಅಲ್ಲೇನ ಫ್ಯಾಕ್ಟರಿ ಇಟ್ಟಾರೇನು?"

ಎಲ್ಲರೂ ನಕ್ಕರು. ಗಂಗಾ, ನನಗೂ ಅದೇ ಅನುಮಾನವಿತ್ತು, ನಿನ್ನನ್ನು ಕೇಳಬೇಕೆಂದುಕೊಂಡಿದ್ದೆ. ಆದರೆ ಕಟ್ಟೆಯ ಮೇಲೆ ನಿಂತಾಗ ಉತ್ತರ ತಾನಾಗಿ ಬಾಯಿಗೆ ಬಂತು.

"ಹಂಗಾರ ಭಾವ, ಬ್ಯಾಸಗ್ಯಾಗ ಆಲಿಕಲ್ಲ ಎಲ್ಲಿಂದ ಬೀಳತಾವ್ರಿ? ಹ್ವಾದ ವರ್ಸ ಅಥಣಿ ಕಡೆ ದ್ರಾಕ್ಷಿ ಹೊಡದಿದ್ದು ಕಲ್ಲೋ, ಬರ್ಫೋ?"

ನಗು ನಿಂತಿತು. ಯಾರೋ ಮುದುಕರು "ಹೌದಲ್ಲೋ ಕಾಮಣ್ಣ" ಅಂದರು. ಭಾವನಿಗೆ ಸಿಟ್ಟು ಬಂತು. "ಅದೆಲ್ಲಾ ಇರ್ಲಿ. ಮಾಳೇಶ ಸತ್ತಾನ, ಇಕೀ ಅದಾಳ. ಇಷ್ಟ ನಮಗ ಗೊತ್ತಿರೂದು" ಅಂದರು.

ಆಗ ಅತ್ತೆ ಎದ್ದು ನಿಂತರು. ಮಗ ಹೋದ ಮೇಲೆ ನಾಲ್ಕು ಜನರ ನಡುವೆ ಅವರು ಬಾಯಿ ತೆಗೆದದ್ದು ಅದೇ ಮೊದಲು. "ಹೋದಾವ ನನ್ನ ಮಗಾ. ಇಕೀಗಿ ಬೈಯೂ ಹಕ್ಕ ಯಾರಿಗರ ಇದ್ರ ಅದು ನನಗೈತಿ. ನಾ ಬೈಯಾಂಗಿಲ್ಲ. ನೀವ್ಯಾರೋ ಬೈಯಾವ್ರು? ಇಕೀ ಕೂಡ ನಾನೂ ಬರತೀನಿ. ಅಡಿಗಿ ಮಾಡಿ ಹಾಕಾಕ ನನಗೇನ ರಟ್ಟಿ ಹೋಗಿಲ್ಲ."

ಮಾವ ಕಟ್ಟೆಯ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ತಲೆ ಎತ್ತದೆಯೇ, "ಹೋಗ್ಲಿ" ಅಂದರು. ಭಾವ ಒಪ್ಪಿದರು, ಒಂದು ಕರಾರಿನ ಮೇಲೆ. ಈ ಸಲ ಸಿಡಿಲಿಗೆ ಮನುಷ್ಯನಾಗಲಿ ಕುರಿಯಾಗಲಿ ಸತ್ತರೆ ನಾನು ಚಿಂಚಲಿಯ ತವರಿನ ಹಾದಿ ಹಿಡಿಯಬೇಕು, ಮತ್ತೆ ಈ ಊರಿಗೆ ಕಾಲಿಡಬಾರದು. ನಾನು ಹೂಂ ಅಂದೆ.

ಈಗ ಹೇಳು. ಮೋಡ ತುಂಬುವುದು ಕೆಳಗೆ ನಿಂತವರಿಗೆ ಹೇಗೆ ತಿಳಿಯುತ್ತದೆ? ತಿಳಿದರೆ ಏನು ಮಾಡಬೇಕು?

ನಿನ್ನ
ತಾರವ್ವ


ಪುಣೆ
೧೬ ಮಾರ್ಚ್ ೨೦೨೫

ಪ್ರೀತಿಯ ವೈನಿ,

ಆಲಿಕಲ್ಲಿನ ಉತ್ತರ ಓದಿ ಹಾಸ್ಟೆಲ್ಲಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಆದರೆ ಆ ಕರಾರು ನನಗೆ ಇಷ್ಟವಾಗಲಿಲ್ಲ. ಕುರಿಯೊಂದು ಸತ್ತರೂ ನಿನ್ನ ತಪ್ಪೇ? ಹೂಂ ಅನ್ನುವ ಮೊದಲು ನನಗೆ ಬರೆಯಬಾರದಿತ್ತೇ? ಇರಲಿ. ನೀವು ಹೊರಡುವ ಮೊದಲು ಇದು ತಲುಪಬೇಕು, ಅದಕ್ಕೆ ಅವಸರದಲ್ಲಿ ಬರೆಯುತ್ತಿದ್ದೇನೆ.

ಮೋಡ ಹೂಕೋಸಿನ ಹಾಗೆ ಉಬ್ಬಿ ಏರುತ್ತಿದ್ದರೆ ಒಳಗೆ ಗಾಳಿ ಜೋರಾಗಿ ಏರುತ್ತಿದೆ ಎಂದು ಅರ್ಥ. ಅದರ ತಲೆ ಚಪ್ಪಟೆಯಾಗಿ ಅಡ್ಡಕ್ಕೆ ಹರಡಿತೆಂದರೆ ಹರಳುಗಳು ತುದಿ ಮುಟ್ಟಿವೆ, ತೂರುವ ಕೆಲಸ ನಡೆದಿದೆ. ಗುಡುಗು ಕಿವಿಗೆ ಬಿತ್ತೋ, ಸಿಡಿಲಿನ ಕೈಗೆ ನೀವು ಸಿಗುತ್ತೀರಿ. ಮಳೆ ಬರಲಿ ಆಮೇಲೆ ಹೋಗೋಣ ಎಂದು ಕಾಯಬೇಡ. ಮಳೆಗಿಂತ ಮೊದಲೇ ಬೀಳಬಹುದು.

ಒಂಟಿ ಮರದ ಕೆಳಗೆ ಬೇಡವೇ ಬೇಡ. ತಂತಿ ಬೇಲಿ, ದ್ರಾಕ್ಷಿ ತೋಟದ ತಂತಿ, ತಗಡಿನ ಚಪ್ಪರ ಇವೂ ಬೇಡ. ಸ್ಲ್ಯಾಬಿನ ಮನೆ ಸಿಕ್ಕರೆ ಎಲ್ಲರೂ ಒಳಗೆ. ಕುರಿಗಳನ್ನು ಮರದಿಂದ ದೂರ, ತಗ್ಗಿನಲ್ಲಿ ಚದುರಿಸಿ ಬಿಡಿ. ಮೈಯ ಕೂದಲು ಎದ್ದರೆ ಸಮಯ ಮುಗಿದಂತೆ. ಬಯಲಿನಲ್ಲಿದ್ದರೆ ಎರಡೂ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರು. ಮಲಗಬೇಡ.

ಅವ್ವನಿಗೆ ನಾನು ನೆನೆಸಿದೆನೆಂದು ಹೇಳು. ಅಪ್ಪನಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ನಿನ್ನ
ಗಂಗಾ


ಪುಣೆ
೨೭ ಏಪ್ರಿಲ್ ೨೦೨೫

ವೈನಿ,

ನಿನ್ನಿಂದ ಸುದ್ದಿಯಿಲ್ಲ. ಹಿಂಡು ಕೃಷ್ಣೆಯ ದಡಕ್ಕೆ ಹೋಗಿದೆಯೆಂದು ಅಪ್ಪ ಫೋನಿನಲ್ಲಿ ಹೇಳಿದ. ಅಷ್ಟು ಹೇಳಿ ಫೋನು ಇಟ್ಟ. ನಿಮ್ಮ ಕಡೆ ಮೋಡ ಎದ್ದಿರುವುದು ಇಲ್ಲಿನ ರಾಡಾರಿನ ಪರದೆಯ ಮೇಲೆ ಕಾಣುತ್ತದೆ. ಕೆಂಪು ಕಲೆ ರಾಯಬಾಗದ ಮೇಲೆ ಸರಿದಾಗ ನಾನು ಊಟ ಬಿಟ್ಟು ನಿಂತು ನೋಡುತ್ತೇನೆ. ನಿನಗೆ ಕೂಗಿ ಹೇಳುವಂತಿಲ್ಲ.

ಈ ಪತ್ರ ನಿನಗೆ ಯಾವಾಗ ಸಿಗುವುದೋ, ಆದರೂ ಮೊದಲು ನಿನಗೇ ಹೇಳಬೇಕು. ನಮ್ಮ ಕೋಣೆಯ ಮೋಡ ಮಾತಾಡಿತು! ಇಷ್ಟು ದಿನ ಉತ್ತರ ಬದಲಾಗುತ್ತಿದ್ದುದು ಸರಳಿನಿಂದಲ್ಲ, ಮೋಡದ ಒದ್ದೆಯಿಂದ. ಒದ್ದೆಯನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟಾಗ ಕಡು ಚಳಿಯಲ್ಲಿ ಹಿಮದ ಸರಳು ಪ್ರತಿ ಸಲವೂ ಋಣ. ಚಳಿಯನ್ನು ತುಸು ಕಡಿಮೆ ಮಾಡಿದೆ. ಮೀಟರಿನ ಮುಳ್ಳು ಸೊನ್ನೆಗೆ ಬಂತು, ದಾಟಿತು, ಧನವಾಯಿತು. ಮತ್ತೆ ಚಳಿ ಹೆಚ್ಚಿಸಿದೆ, ಮತ್ತೆ ಋಣ. ಹೀಗೆ ತಿರುಗುತ್ತದೆಂದು ಬೇರೆಯವರು ಮೊದಲೇ ಕಂಡಿದ್ದಾರೆ. ಎಷ್ಟು ಒದ್ದೆಗೆ ಯಾವ ಚಳಿಯಲ್ಲಿ ತಿರುಗುತ್ತದೆ ಎಂಬ ಗೆರೆಯನ್ನು ಇಷ್ಟು ತಿಳಿಯಾಗಿ ನಮ್ಮ ಕೋಣೆಯಲ್ಲಿ ಯಾರೂ ಕಂಡಿರಲಿಲ್ಲ. ಮೇಡಂ ದಪ್ಪ ಕೋಟಿನಲ್ಲೇ ಬಂದು ನನ್ನ ಪಕ್ಕ ನಿಂತು, "ಇನ್ನೊಮ್ಮೆ ಮಾಡು" ಅಂದರು. ಮಾಡಿದೆ. "ಇನ್ನೊಮ್ಮೆ." ಮಾಡಿದೆ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು. ಬೇರೆ ವಿಷಯದ ಮಾತು ಮುಗಿಯಿತು.

ಖುಷಿಯಿಂದ ಹೊರಗೆ ಬಂದೆ. ಪಡುವಣದಲ್ಲಿ ಮೋಡ ಎದ್ದಿತ್ತು. ಖುಷಿ ಅಲ್ಲೇ ನಿಂತಿತು. ಎರಡು ಸಾಲು ಬರೆ, ವೈನಿ.

ಗಂಗಾ


ಅಲಖನೂರ
೨೫ ಮೇ ೨೦೨೫

ಪ್ರೀತಿಯ ಗಂಗಾ,

ಎಲ್ಲರೂ ಬದುಕಿದ್ದೇವೆ. ಇದನ್ನು ಮೊದಲು ಓದಿಕೊಂಡು ಒಂದು ಲೋಟ ನೀರು ಕುಡಿದು ಆಮೇಲೆ ಮುಂದೆ ಓದು.

ಹಿಂಡಿನ ಜೊತೆ ತಿರುಗುವಾಗ ಪೋಸ್ಟು ಎಲ್ಲಿಂದ ಬರಬೇಕು? ಮೊನ್ನೆ ಊರಿಗೆ ಬಂದಾಗ ಪೂನಮ ನಿನ್ನ ಏಪ್ರಿಲಿನ ಪತ್ರ ಕೊಟ್ಟಳು. ನಿನ್ನ ಗೆಲುವಿನ ಸುದ್ದಿಯನ್ನು ಅಂಗಳದಲ್ಲಿ ನಿಂತು ಜೋರಾಗಿ ಓದಿದೆ, ಮಾವನಿಗೂ ಕೇಳಲೆಂದು. ಅವರು ಒಳಗೆ ಹೋಗಿ ಒಂದು ಹಿಡಿ ಬೆಲ್ಲ ತಂದು ನನ್ನ ಕೈಯಲ್ಲಿಟ್ಟರು. ಇನ್ನು ನನ್ನದನ್ನು ಕೇಳು.

ಹತ್ತು ಹನ್ನೆರಡು ದಿನದ ಹಿಂದಿನ ಮಾತು. ಕಾಗವಾಡದ ಆಚೆ ರಾವಸಾಹೇಬ ಎಂಬ ಗೌಡರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದೆವು. ಕಬ್ಬು ಕಡಿದ ಬಯಲು. ಒಂದು ಕಡೆ ಅವರ ದ್ರಾಕ್ಷಿ ತೋಟ, ಇನ್ನೊಂದು ಕಡೆ ದೊಡ್ಡ ಆಲದ ಮರ, ದೂರದಲ್ಲಿ ಅವರ ಸ್ಲ್ಯಾಬಿನ ಮನೆ. ಬುತ್ತಿ ಬಿಚ್ಚಿ ಉಂಡು ಎದ್ದಾಗ ಮೋಡ ಹೂಕೋಸಿನಂತೆ ಏಳುತ್ತಿತ್ತು. ನಾನು ಕಣ್ಣು ತೆಗೆಯಲಿಲ್ಲ. ನೋಡ ನೋಡುತ್ತ ಅದರ ತಲೆ ಚಪ್ಪಟೆಯಾಯಿತು. ನಮ್ಮ ಮೇಲೆ ಇನ್ನೂ ಬಿಸಿಲು.

"ಕುರಿ ಎಬ್ಬಸ್ರಿ! ಆ ತಗ್ಗಿಗೆ ಹೊಡೀರಿ!" ಎಂದು ಕೂಗಿದೆ.

"ಬಿಸಲ ಬಿದ್ದೈತಿ, ಹುಚ್ಚ ಹಿಡದೈತೇನ ಇಕೀಗಿ?" ಎಂದರು ಭಾವ. ಅವರ ಹೆಂಡತಿ ಶೇವಂತಾ ಮಾತ್ರ ಕೋಲು ಹಿಡಿದು ನನ್ನ ಜೊತೆ ಓಡಿಬಂದಳು. ಅವಳನ್ನು ನೋಡಿ ಉಳಿದವರೂ ಬಂದರು. ಕುರಿಗಳನ್ನು ತಗ್ಗಿಗೆ ಇಳಿಸಿ ಚದುರಿಸುವಷ್ಟರಲ್ಲಿ ಮೊದಲ ಗುಡುಗು. ಅತ್ತೆಯನ್ನು ಮುಂದೆ ಮಾಡಿಕೊಂಡು ಎಲ್ಲರೂ ಗೌಡರ ಮನೆಯ ಕಡೆ ಓಡಿದೆವು. ಬಾಗಿಲಲ್ಲಿ ಗೌಡರು ಅಡ್ಡ ನಿಂತರು. ಒಳಗೆ ಒಣದ್ರಾಕ್ಷಿಯ ಪೆಟ್ಟಿಗೆಗಳಿದ್ದವು, ನಮ್ಮ ಮೈಯಲ್ಲಿ ಕುರಿಯ ವಾಸನೆ. ಅವರ ಹೆಂಡತಿ ಸೀಮಾ ಹಿಂದಿನಿಂದ ಬಂದು, "ಸರೀರಿ ಆಕಡೆ. ಜೀವಾ ದೊಡ್ಡದೋ, ಪೆಟಗಿ ದೊಡ್ಡದೋ?" ಎಂದು ಗಂಡನನ್ನು ಬದಿಗೆ ಸರಿಸಿ ನಮ್ಮನ್ನು ಒಳಗೆ ಕರೆದಳು.

ಎಲ್ಲರೂ ಒಳಗೆ ಬಂದ ಮೇಲೆ ನೋಡಿದರೆ ಭಾವ ಇಲ್ಲ. ಕಿಟಕಿಯಿಂದ ಕಂಡಿತು. ಆಲದ ಮರದ ಕೆಳಗೆ ಕಂಬಳಿ ಹೊದ್ದು, ಬೊಡ್ಡೆಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಹಟಕ್ಕೆ.

ಗಂಗಾ, ಆ ನಿಲುವನ್ನು ನಾನು ಒಮ್ಮೆ ನೋಡಿದ್ದೇನೆ.

ನನ್ನ ಕಾಲು ನಿಲ್ಲಲಿಲ್ಲ. ಅಂಗಳ ದಾಟಿ ಓಡಿದೆ. ಹೊರಗೆ ಬರಬೇಡ ಎಂದು ನೀನು ಬೈಯುತ್ತೀಯ, ಬೈ. ಅರ್ಧ ಹಾದಿಯಲ್ಲಿ ನಿಂತು, ಮನೆಗೆ ಬಂದ ದಿನದಿಂದ ಯಾರ ಹೆಸರನ್ನು ಬಾಯಲ್ಲಿ ತಂದಿರಲಿಲ್ಲವೋ ಆ ಹೆಸರು ಹಿಡಿದು ಕೂಗಿದೆ.

"ಏ ಕಾಮಣ್ಣಾ! ಶೇವಂತಾನ್ನ ನನ್ನಂಗ ಮಾಡಬ್ಯಾಡಲೇ! ಬಾ ಹೊರಗ!"

ಭಾವ ಬೆಚ್ಚಿಬಿದ್ದರು. ಆಮೇಲೆ ಕಂಬಳಿಯನ್ನು ಅಲ್ಲೇ ಕೊಡವಿ ಎಸೆದು ನನ್ನ ಕಡೆ ಬಂದರು, ಕಪಾಳಕ್ಕೆ ಹೊಡೆಯಲು ಬರುವವರ ಹಾಗೆ. ಹೊಡೆದರೆ ಹೊಡೆಯಲಿ, ಬರಲಿ ಎಂದು ನಾನು ಹಿಂದೆ ಹಿಂದೆ ಮನೆಯ ಕಡೆ ಸರಿದೆ. ಅವರು ಬಂದರು. ನಾನು ಓಡಿದೆ. ಅವರೂ ಓಡಿದರು. ಹೊಸ್ತಿಲು ದಾಟಿ ಒಳಗೆ ಬಿದ್ದೆವು.

ಆಗ ಬಿತ್ತು.

ಈ ಸಲ ಸದ್ದು ಕೇಳಿದೆ, ಗಂಗಾ. ಪೂರ್ತಿ ಕೇಳಿದೆ. ಕಣ್ಣು ಬಿಟ್ಟಾಗ ಆಲದ ಮರ ನೆತ್ತಿಯಿಂದ ಬೇರಿನವರೆಗೆ ಸೀಳಿತ್ತು. ಭಾವ ನಿಂತಿದ್ದ ಜಾಗದಲ್ಲಿ ಅವರ ಕಂಬಳಿ ಹೊಗೆಯಾಡುತ್ತಿತ್ತು. ಶೇವಂತಾ ಗಂಡನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು, ಬಿಡಿಸಿದರೂ ಬಿಡಲಿಲ್ಲ.

ಮಳೆಯ ಜೊತೆ ಆಲಿಕಲ್ಲು ಸುರಿಯಿತು. ಮೋಡ ಗುಡುಗುತ್ತ ಮೂಡಣಕ್ಕೆ ಸರಿದು ಸದ್ದು ಪೂರ್ತಿ ಅಡಗಿದ ಮೇಲೆ ತಗ್ಗಿಗೆ ಹೋಗಿ ನೋಡಿದೆವು. ಒಂದೂ ಕುರಿ ಸತ್ತಿರಲಿಲ್ಲ. ಒಂದು ಟಗರು ಕುಂಟುತ್ತಿತ್ತು, ಅಷ್ಟೇ. ಅತ್ತೆ ಅಂಗಳದಲ್ಲಿ ಬಗ್ಗಿ ಒಂದು ಆಲಿಕಲ್ಲನ್ನು ಆರಿಸಿ ಬಾಯಿಗೆ ಹಾಕಿಕೊಂಡು, ಚಳಿಗೆ ಮುಖ ಕಿವುಚಿ ನಕ್ಕರು. ನಿಮ್ಮಣ್ಣ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗುತ್ತ ನಗುತ್ತ ಅತ್ತರು. ನನಗೂ ಅಳು ಬಂತು. ಸೀಮಾ ಚಹಾ ತಂದಳು. ಗೌಡರೇ ಎಲ್ಲರಿಗೂ ಒಣದ್ರಾಕ್ಷಿ ಹಂಚಿದರು.

ಮರುದಿನ ಬೆಳಗ್ಗೆ ಭಾವ ಬಂದು ನನ್ನ ಮುಂದೆ ನಿಂತರು. "ಹೆಸರ ಹಿಡದ ಒದರಿದಿ."

"ಹೌದ್ರಿ ಭಾವ."

"ಒದರಬೇಕಿತ್ತ ಬಿಡು" ಅಂದು ಹೋದರು.

ಊರಿಗೆ ನಾವು ಬರುವ ಮೊದಲೇ ಸುದ್ದಿ ಬಂದಿತ್ತು. ಮೊನ್ನೆ ಸಂಜೆ ಕಟ್ಟೆಯ ಮೇಲೆ ಅದೇ ಜನ. ನಾನು ಕುರಿಗಳನ್ನು ದಡ್ಡಿಗೆ ಹೊಡೆದುಕೊಂಡು ಹೋಗುತ್ತಿದ್ದೆ. ಭಾವ ತಾವೇ ಎದ್ದು, "ಕಾಕಾ, ಮುಂದಾಳಕಿ ನನಗ ಬ್ಯಾಡ. ಹಾದಿ ಆಕೀ ಹೇಳ್ಲಿ, ಹಿಂಡ ನಾ ಹೊಡೀತೀನಿ" ಎಂದರು. ಅಷ್ಟು ಜನರ ಎದುರು.

ನಿಮ್ಮಪ್ಪ ಕಟ್ಟೆ ಇಳಿದು ಬಂದರು. ವರ್ಷದಿಂದ ನನ್ನ ಮುಖವನ್ನು ನೆಟ್ಟಗೆ ನೋಡದವರು ಎದುರಿಗೆ ನಿಂತು ನೋಡಿದರು. ತಮ್ಮ ತಲೆಯ ಪಟಗಾ ಬಿಚ್ಚಿದರು. ಸೆರಗಿನ ಮೇಲೆಯೇ ನನ್ನ ತಲೆಗೆ ಸುತ್ತಿದರು. ಅದು ಜಾರಿ ಕಣ್ಣಿನ ಮೇಲೆ ಬಂತು, ಎಲ್ಲರೂ ನಕ್ಕರು. ಅತ್ತೆ ಬಂದು ಬಿಗಿಯಾಗಿ ಸಿಕ್ಕಿಸಿ ಕಟ್ಟಿದರು. ಮಾವ ಅಂದದ್ದು ಒಂದೇ ಮಾತು: "ನನ್ನ ಮನೀ ಹಿಂಡ ಇನ್ನ ಇಕೀ ಹಿಂದ ಹೋಗತೈತಿ."

ಮೃಗಶಿರಾ ಮಳೆ ಹಿಡಿಯುವ ಮೊದಲು ಅಥಣಿಯ ಒಣ ನೆಲ ಸೇರಬೇಕು. ಯಾವ ಹಾದಿ, ಎಲ್ಲಿ ಸ್ಲ್ಯಾಬಿನ ಮನೆಯಿದೆ, ಎಲ್ಲಿ ತಗ್ಗಿದೆ, ಎಲ್ಲ ಕೇಳಿ ಗೊತ್ತು ಮಾಡಿಕೊಂಡಿದ್ದೇನೆ. ಪಕ್ಕದೂರಿನ ಹಿಂಡುಗಳೂ ನಮ್ಮ ಕೂಡ ಬರುತ್ತವಂತೆ. ನಾಳೆ ಬೆಳಕು ಹರಿಯುತ್ತಲೇ ಹೊರಡುತ್ತೇವೆ. ಎಲ್ಲರಿಗಿಂತ ಮುಂದೆ ನಾನಿರುತ್ತೇನೆ.

ತಾರವ್ವ